ಬೆಳಗಿನ ಐದೂವರೆಗೆ ಮೊದಲು

ಪುಣೆಯ ಹಿಂಜವಡಿಯಲ್ಲಿ ನಾನು ಕೆಲಸ ಮಾಡುವ ತಂಡವು ರಕ್ತಪರೀಕ್ಷೆಯ ಲ್ಯಾಬುಗಳಲ್ಲಿ ಸಮಯ ಕಾಯ್ದಿರಿಸುವ ವೆಬ್ ಅಪ್ಲಿಕೇಶನ್ ಒಂದನ್ನು ನೋಡಿಕೊಳ್ಳುತ್ತದೆ. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ತಾವಾಗಿಯೇ ಪರೀಕ್ಷಿಸುವ ಆಟೊಮೇಟೆಡ್ ಟೆಸ್ಟುಗಳು ಕೆಂಪಾದರೆ, ಅಂದರೆ ಫೇಲ್ ಆದರೆ, ನಾವು ಕಾರಣ ಹುಡುಕುತ್ತಿರಲಿಲ್ಲ. ರೀ-ರನ್ ಒತ್ತಿ ಚಹಾಕ್ಕೆ ಹೋಗುವುದು, ಮರಳುವಷ್ಟರಲ್ಲಿ ಹಸಿರಾಗಿದ್ದರೆ ಕೋಡನ್ನು ಮುಂದಕ್ಕೆ ಕಳಿಸುವುದು ರೂಢಿಯಾಗಿತ್ತು. ಮಳೆಗಾಲದ ಒಂದು ಶನಿವಾರ, ಧಾರವಾಡದಿಂದ ಬಂದು ತಂಡ ಸೇರಿದ್ದ ಕಿರಿಯ ಸಹೋದ್ಯೋಗಿಯೊಬ್ಬಳೊಡನೆ ಕುಳಿತು ಈ ಟೆಸ್ಟುಗಳನ್ನು ಒಪ್ಪ ಮಾಡಲು ತೊಡಗಿದೆ.

ಬೆಳಗಿನ ಕೆಲಸ ಸಲೀಸಾಗಿ ಸಾಗಿತು. ನಿಂತುಹೋದ ಕೂಪನ್ ಯೋಜನೆಯ ಟೆಸ್ಟುಗಳನ್ನು ಅಳಿಸಿದೆವು. ‘ಐದು ಸೆಕೆಂಡ್ ಕಾಯಬೇಕು’ ಎಂದಿದ್ದಲ್ಲೆಲ್ಲ, ಬೇಕಾದ ಬಟನ್ ಪರದೆಯ ಮೇಲೆ ಕಾಣುವವರೆಗೆ ಕಾಯುವಂತೆ ತಿದ್ದಿದೆವು. ಎಲ್ಲ ಟೆಸ್ಟುಗಳೂ ಒಂದೇ ಖಾತೆಯನ್ನು ಬಳಸುತ್ತಿದ್ದುದರಿಂದ ಒಂದು ಟೆಸ್ಟ್ ಬಿಟ್ಟುಹೋದ ಬುಕಿಂಗ್ ಇನ್ನೊಂದು ಟೆಸ್ಟನ್ನು ಕೆಡಿಸುತ್ತಿತ್ತು. ಪ್ರತಿಯೊಂದಕ್ಕೂ ಹೊಸ ಖಾತೆ ಮಾಡಿಕೊಟ್ಟೆವು.

ಮಧ್ಯಾಹ್ನ, ಟೆಸ್ಟನ್ನು ನಡೆಸದೆ ಬಿಟ್ಟುಬಿಡಲು ಸೂಚಿಸುವ ‘ಸ್ಕಿಪ್’ ಎಂಬ ಪದವನ್ನು ಹುಡುಕಿದಾಗ 14 ಟೆಸ್ಟುಗಳು ಸಿಕ್ಕವು. ಅವುಗಳಲ್ಲೊಂದು, ಇಂದಿನ ದಿನಕ್ಕೆ ಮಾಡಿದ ಬುಕಿಂಗ್ ಇಂದಿನ ಪಟ್ಟಿಯಲ್ಲಿಯೇ ಕಾಣುತ್ತದೆಯೇ ಎಂದು ನೋಡುವಂಥದು. ಅದರ ಮೇಲೆ ‘ಕೆಲವೊಮ್ಮೆ ಫೇಲ್ ಆಗುತ್ತದೆ’ ಎಂಬ ಟಿಪ್ಪಣಿಯಿತ್ತು, ಬರೆದವನು ನಾನೇ. ಅಳಿಸಿಬಿಡೋಣ ಎಂದೆ.

“ಯಾವಾಗ ಫೇಲ್ ಆಗಿತ್ತಂತ ಒಮ್ಮೆ ನೋಡೂಣ್ರಿ ಸರ್” ಎಂದು ಅವಳು ಹಳೆಯ ರನ್‌ಗಳ ದಾಖಲೆ ತೆರೆದು, ಫೇಲ್ ಆದ ಹೊತ್ತುಗಳನ್ನಷ್ಟೇ ಕಾಗದದ ಮೇಲೆ ಬರೆಯುತ್ತ ಹೋದಳು: 1:10, 3:42, 4:55, 5:21. ಎಲ್ಲವೂ ನಾವು ರಾತ್ರಿ ಹೊಸ ಆವೃತ್ತಿ ಬಿಡುಗಡೆ ಮಾಡಿದ ದಿನಗಳವು. ಐದೂವರೆಯ ನಂತರದ್ದು ಒಂದೂ ಇರಲಿಲ್ಲ.

ನಮ್ಮ ದೇಶದ ಸಮಯ, ಜಗತ್ತಿನ ಸಮಯವಲಯಗಳಿಗೆಲ್ಲ ಆಧಾರವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿದೆ. ದಿನಾಂಕ ಮತ್ತು ಸಮಯವನ್ನು ಅಕ್ಷರಗಳಲ್ಲಿ ಕೊಡುವ, ಜಾವಾಸ್ಕ್ರಿಪ್ಟ್ ಭಾಷೆಯ ‘ಟು ಐಎಸ್ಒ ಸ್ಟ್ರಿಂಗ್’ ಎಂಬ ಆಜ್ಞೆಯು ಯಾವ ಊರಿನಲ್ಲಿ ಕರೆದರೂ ಯುಟಿಸಿಯ ದಿನಾಂಕವನ್ನೇ ಕೊಡುತ್ತದೆ. ಅಪ್ಲಿಕೇಶನ್ನಿನ ಕೋಡಿನಲ್ಲಿ ನಾವು ಅದರ ಮೊದಲ 10 ಅಕ್ಷರಗಳನ್ನು, ಅಂದರೆ ವರ್ಷ-ತಿಂಗಳು-ದಿನವನ್ನಷ್ಟೇ, ಕತ್ತರಿಸಿ ‘ಇಂದು’ ಎಂದು ಉಳಿಸುತ್ತಿದ್ದೆವು. ಹೀಗಾಗಿ ನಡುರಾತ್ರಿಯಿಂದ ಐದೂವರೆಯವರೆಗೆ ‘ಇಂದು’ ಎಂದು ಒತ್ತಿ ಮಾಡಿದ ಪ್ರತಿ ಬುಕಿಂಗೂ ಹಿಂದಿನ ದಿನಕ್ಕೆ ಸೇರುತ್ತಿತ್ತು. ಟೆಸ್ಟ್ ಸರಿಯಾಗಿಯೇ ಇತ್ತು. ಅದು ಹೇಳುತ್ತಿದ್ದುದನ್ನು ಕೇಳದೆ ನಾನು ಅದರ ಬಾಯಿ ಮುಚ್ಚಿಸಿದ್ದೆ.

ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಹೋಗುವವರು ನಸುಕಿನಲ್ಲಿಯೇ ಎದ್ದು ಬುಕ್ ಮಾಡುತ್ತಾರೆಂಬುದು ಆಗ ನೆನಪಾಗಿ, ಹಳೆಯ ದೂರುಗಳನ್ನು ಹುಡುಕಿದೆವು. ಸಕ್ಕರೆ ಕಾಯಿಲೆಯಿದ್ದ ಹಿರಿಯರೊಬ್ಬರು ಬೆಳಗಿನ ಐದಕ್ಕೆ ಬುಕ್ ಮಾಡಿ, ಏನೂ ತಿನ್ನದೆ ಲ್ಯಾಬಿಗೆ ಹೋದರೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲವೆಂದು ಬರೆದಿದ್ದರು. ‘ಗ್ರಾಹಕರು ದಿನಾಂಕವನ್ನು ತಪ್ಪಾಗಿ ಆರಿಸಿದ್ದಾರೆ’ ಎಂದು ನಮ್ಮ ಕಡೆಯಿಂದ ಆ ದೂರನ್ನು ಮುಚ್ಚಲಾಗಿತ್ತು. ಅದನ್ನು ಓದಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ದಿನಾಂಕವನ್ನು ಭಾರತದ ಸಮಯವಲಯದಲ್ಲಿಯೇ ಲೆಕ್ಕ ಹಾಕುವಂತೆ ಕೋಡನ್ನು ತಿದ್ದಿದೆವು. ಟೆಸ್ಟುಗಳನ್ನು ಬ್ರೌಸರಿನಲ್ಲಿ ನಡೆಸುವ ಸಾಧನವಾದ ಪ್ಲೇರೈಟ್‌ನಲ್ಲಿ ಬ್ರೌಸರಿನ ಗಡಿಯಾರವನ್ನು ಬೇಕಾದ ಹೊತ್ತಿಗೆ ನಿಲ್ಲಿಸಬಹುದಾದ್ದರಿಂದ, ಅದೇ ಟೆಸ್ಟನ್ನು ನಡುರಾತ್ರಿ 12:01ಕ್ಕೆ, 5:29ಕ್ಕೆ ಮತ್ತು 5:30ಕ್ಕೆ ಮೂರು ಸಲ ನಡೆಸುವಂತೆ ಬರೆದು, ಸ್ಕಿಪ್ ತೆಗೆದೆವು. ಉಳಿದ 13ನ್ನು ಅಂದು ಮುಟ್ಟಲಿಲ್ಲ. ಅವು ಯಾವ ಹೊತ್ತಿನಲ್ಲಿ ಬಿದ್ದಿದ್ದವೆಂದು ನೋಡದೆ ಒಂದನ್ನೂ ಅಳಿಸುವ ಧೈರ್ಯ ನನಗಿರಲಿಲ್ಲ.

ಸಂಜೆ ಹೊರಡುವ ಮೊದಲು ಅವಳು ಆ ದೂರನ್ನು ಮತ್ತೆ ತೆರೆದಳು. ತಪ್ಪು ನಮ್ಮದೇ ಎಂದು ಆ ಹಿರಿಯರಿಗೆ ಪತ್ರ ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.