ನಿದ್ದೆಯನ್ನು ಕೊಂದವನ ನಾಡಿನಲ್ಲಿ

ಸ್ಕಾಟ್ಲೆಂಡಿನ ಪರ್ತ್ ಪಟ್ಟಣದಲ್ಲಿ ನೆಲೆಸಿದವರಿಗೆ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಅರ್ಧ ಭೂಗೋಳ ಮನೆಯ ಸುತ್ತಮುತ್ತಲೇ ಸಿಗುತ್ತದೆ. ಇನ್ವರ್ನೆಸ್ಸಿನ ಕಡೆಗೆ ಹೋಗುವ ಎ9 ಹೆದ್ದಾರಿಯಲ್ಲಿ ಅರ್ಧ ಗಂಟೆ ಸಾಗುವಷ್ಟರಲ್ಲಿ ಬರ್ನಮ್ ಎಂಬ ಹಳ್ಳಿ ಬರುತ್ತದೆ. ಈಶಾನ್ಯಕ್ಕೆ ಹೊರಟರೆ ಹೊಲಗಳ ಆಚೆ, ಸಿಡ್ಲಾ ಬೆಟ್ಟಸಾಲಿನಲ್ಲಿ, ಡನ್ಸಿನೇನ್ ಗುಡ್ಡ ಸಿಗುತ್ತದೆ. ಬರ್ನಮ್ ಕಾಡು ಎದ್ದು ಡನ್ಸಿನೇನ್ ಗುಡ್ಡಕ್ಕೆ ನಡೆದು ಬರುವ ತನಕ ಮ್ಯಾಕ್‌ಬೆತ್‌ಗೆ ಸೋಲಿಲ್ಲ ಎಂದು ಮಾಟಗಾತಿಯರು ಬರಿಸಿದ ಛಾಯಾರೂಪವೊಂದು ನುಡಿಯುತ್ತದಲ್ಲ, ಆ ಎರಡೂ ಜಾಗಗಳ ನಡುವಿನ ಅಂತರ ನೇರವಾಗಿ ಅಳೆದರೆ ಸುಮಾರು 20 ಕಿಲೋಮೀಟರ್. ಗುಡ್ಡ 310 ಮೀಟರ್ ಎತ್ತರವಿದೆ. ನೆತ್ತಿಯ ಮೇಲೆ ಕಬ್ಬಿಣಯುಗದ ಕೋಟೆಯೊಂದರ ಮಣ್ಣುದಿಬ್ಬಗಳು ಹುಲ್ಲು ಬೆಳೆಸಿಕೊಂಡು ಬಿದ್ದಿವೆ, ಮಗ್ಗುಲನ್ನು ಕಲ್ಲುಗಣಿ ಕೊರೆದಿದೆ. ಬರ್ನಮ್ ಕಾಡಿನಿಂದ ಉಳಿದದ್ದೆಂದು ತೋರಿಸುವ ಓಕ್ ಮರ ಟೇ ನದಿಯ ದಡದಲ್ಲಿದೆ. ಅದರ ಬುಡದ ಒಳಗೆ ಪೊಟರೆಯಾಗಿದ್ದು, ಕೆಳಗಿನ ಕೊಂಬೆಗಳು ಬೀಳದಂತೆ ಮರದ ಊರೆಗಳನ್ನು ಕೊಟ್ಟು ನಿಲ್ಲಿಸಿದ್ದಾರೆ. ನಡೆದು ಬಂದು ಅರಸನೊಬ್ಬನನ್ನು ಉರುಳಿಸಿದ ಕಾಡಿನ ವಂಶದ ಮರವಿದು ಎಂದು ಹೇಳಿದರೆ ಮಕ್ಕಳು ನಗುತ್ತಾರೆ.

ಚರಿತ್ರೆಯ ಮ್ಯಾಕ್‌ಬೆತ್‌ಗೂ ನಾಟಕದವನಿಗೂ ಹೆಸರಿನ ನೆಂಟಸ್ತಿಕೆಗಿಂತ ಹೆಚ್ಚಿನದೇನೂ ಇಲ್ಲವೆಂದು ಇಲ್ಲಿಯವರು ಮೊದಲ ಮಾತಿಗೇ ತಿದ್ದುತ್ತಾರೆ, ಮತ್ತು ಅವರ ಮಾತು ಸರಿ. ನಾಟಕದವನು ತನ್ನ ಮನೆಗೆ ಅತಿಥಿಯಾಗಿ ಬಂದ ಮುದಿ ದೊರೆ ಡಂಕನ್ನನನ್ನು ಮಲಗಿದಲ್ಲೇ ಕೊಂದು ಪಟ್ಟವೇರುತ್ತಾನೆ. ಚರಿತ್ರೆಯವನು ಡಂಕನ್ನನನ್ನು ಕೊಂದದ್ದು 1040ರಲ್ಲಿ, ಎಲ್ಗಿನ್ ಬಳಿಯ ಯುದ್ಧದಲ್ಲಿ. ಸತ್ತ ಡಂಕನ್ ಮುದುಕನೂ ಆಗಿರಲಿಲ್ಲ. ಆಮೇಲೆ ಹದಿನೇಳು ವರ್ಷ ಆಳಿದ ಮ್ಯಾಕ್‌ಬೆತ್, 1050ರಲ್ಲಿ ರೋಮಿಗೆ ಯಾತ್ರೆ ಹೋಗಿ ಬಡವರಿಗೆ ಹಣ ಚೆಲ್ಲಿದನೆಂದು ದಾಖಲೆಯಿದೆ. ಅಷ್ಟು ದೀರ್ಘಕಾಲ ರಾಜ್ಯ ಬಿಟ್ಟು ಹೋಗಬಲ್ಲ ಅರಸನಿಗೆ ಬೆನ್ನ ಹಿಂದೆ ಏನಾಗುವುದೋ ಎಂಬ ಭಯ ಹೆಚ್ಚಾಗಿ ಇದ್ದಿರಲಾರದು. 1606ರ ಸುಮಾರಿನಲ್ಲಿ ಲಂಡನ್ನಿನಲ್ಲಿ ನಾಟಕ ಬರೆದವನು ಚರಿತ್ರೆಕಾರ ಹಾಲಿನ್‌ಶೆಡ್‌ನ ವೃತ್ತಾಂತದಿಂದ ತನಗೆ ಬೇಕಾದ ಎಳೆಗಳನ್ನು ಎತ್ತಿಕೊಂಡು, ಆ ನೆಮ್ಮದಿಯ ಅರಸನಿಂದ ನಿದ್ದೆಯನ್ನು ಕಿತ್ತುಕೊಂಡ.

ಕಾಲೇಜಿನಲ್ಲಿ ಈ ನಾಟಕವನ್ನು ಓದುವಾಗ ‘ಮಹತ್ವಾಕಾಂಕ್ಷೆಯೇ ನಾಯಕನ ದೋಷ’ ಎಂದು ಬರೆದು ಅಂಕ ಗಳಿಸಿದವರಲ್ಲಿ ನಾನೂ ಒಬ್ಬ. ಉತ್ತರ ತಪ್ಪೇನಲ್ಲ, ಆದರೆ ಅದು ನಾಟಕದ ಮೈಯನ್ನು ಮುಟ್ಟುವುದಿಲ್ಲ. ಮಾಟಗಾತಿಯರು ಮ್ಯಾಕ್‌ಬೆತ್‌ಗೆ ಎದುರಾಗುವ ಮೊದಲ ಭೇಟಿಯ ಮಾತುಗಳನ್ನು ಎಣಿಸಿ ನೋಡಿದರೆ ಅಲ್ಲಿ ಕೊಲೆ ಎಂಬ ಸುಳಿವೇ ಇಲ್ಲ. ನೀನು ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದೆ ದೊರೆಯಾಗುವವನು ಎಂದು ಮೂರು ಜೈಕಾರ ಹಾಕಿ ಮಾಯವಾಗುತ್ತಾರೆ. ಕೊಲೆಯ ಯೋಚನೆ ಮ್ಯಾಕ್‌ಬೆತ್‌ನ ಒಳಗಿನಿಂದಲೇ ಎದ್ದು, ಅವನ ಕೂದಲು ನಿಮಿರಿಸಿ, ಎದೆ ಪಕ್ಕೆಲುಬಿಗೆ ಬಡಿಯುವಂತೆ ಮಾಡುತ್ತದೆ. ಜೊತೆಗಿದ್ದ ಸೇನಾನಿ ಬ್ಯಾಂಕೋಗೂ ಅವರು ಭವಿಷ್ಯ ಹೇಳಿದ್ದಾರೆ. ಅವನ ಸಂತತಿ ಅರಸರಾಗುತ್ತದಂತೆ. ಈ ಇಬ್ಬರಲ್ಲಿ ವ್ಯತ್ಯಾಸವೆಲ್ಲಿದೆ ಎಂದು ಹುಡುಕಿದರೆ ಎರಡನೆಯ ಅಂಕದ ಮೊದಲಲ್ಲಿ, ಕೊಲೆಯ ರಾತ್ರಿಯ ಅಂಗಳದಲ್ಲಿ ಸಿಗುತ್ತದೆ. ಬ್ಯಾಂಕೋ ತನ್ನ ಮಗನಿಗೆ ಹೇಳುತ್ತಾನೆ: ಕಣ್ಣ ಮೇಲೆ ಸೀಸದಂತೆ ನಿದ್ದೆ ಎಳೆಯುತ್ತಿದೆ, ಆದರೂ ಮಲಗಲು ಮನಸ್ಸಿಲ್ಲ, ವಿಶ್ರಾಂತಿಯಲ್ಲಿ ತಾವಾಗಿ ನುಗ್ಗುವ ಕೆಟ್ಟ ಯೋಚನೆಗಳನ್ನು ದೇವತೆಗಳು ತಡೆಯಲಿ. ಆಸೆ ಅವನಿಗೂ ಇದೆ. ಅದು ಕನಸಿನಲ್ಲಿ ಬರುತ್ತದೆಂದು ಅವನಿಗೆ ಗೊತ್ತು, ಅದಕ್ಕೇ ಎಚ್ಚರವಿದ್ದು ಕಾಯುತ್ತಾನೆ. ಆ ಮೂವರನ್ನು ಕನಸಿನಲ್ಲಿ ಕಂಡೆ ಎಂದು ಅವನು ಮ್ಯಾಕ್‌ಬೆತ್‌ನ ಎದುರು ಒಪ್ಪಿಕೊಂಡರೆ, ನಾನು ಅವರನ್ನು ನೆನೆಯುವುದೇ ಇಲ್ಲ ಎಂದು ಮ್ಯಾಕ್‌ಬೆತ್ ಸುಳ್ಳು ಹೇಳುತ್ತಾನೆ. ಆ ಸುಳ್ಳು ಆಡಿದ ಕೆಲವೇ ಕ್ಷಣಗಳಲ್ಲಿ ಅವನ ಕಣ್ಣೆದುರು ಗಾಳಿಯಲ್ಲಿ ಕಠಾರಿ ತೂಗುತ್ತದೆ.

ಕೊಲೆಯಾದ ಮೇಲೆ ಅವನು ಹೆಂಡತಿಯ ಬಳಿ ಬಂದು ವರದಿ ಮಾಡುವ ರೀತಿಯನ್ನು ಗಮನಿಸಬೇಕು. ಪಕ್ಕದ ಕೋಣೆಯಲ್ಲಿ ಮಲಗಿದ್ದವರಲ್ಲಿ ಒಬ್ಬ ನಿದ್ದೆಯಲ್ಲಿ ನಕ್ಕ, ಇನ್ನೊಬ್ಬ ‘ಕೊಲೆ’ ಎಂದು ಕೂಗಿದ. ಇಬ್ಬರೂ ಎಚ್ಚೆತ್ತು, ಪ್ರಾರ್ಥನೆ ಹೇಳಿ, ಮತ್ತೆ ಮಲಗಿದರು. ಅವರು ‘ದೇವರು ಕಾಪಾಡಲಿ’ ಎಂದಾಗ ‘ಆಮೆನ್’ ಎನ್ನಲು ಹೋದರೆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ರಕ್ತ ಮೆತ್ತಿದ ಕೈಯಲ್ಲಿ ಕಠಾರಿಗಳನ್ನು ಹಿಡಿದು ನಿಂತವನಿಗೆ, ರಾಜನನ್ನು ಕೊಂದೆನೆಂಬುದಕ್ಕಿಂತ ಆಮೆನ್ ಎನ್ನಲಾಗಲಿಲ್ಲವೆಂಬುದೇ ದೊಡ್ಡ ಸಂಗತಿಯಾಗಿದೆ. ಮರುಮಾತಿನಲ್ಲೇ, ‘ಇನ್ನು ನಿದ್ರೆಯಿಲ್ಲ, ಮ್ಯಾಕ್‌ಬೆತ್ ನಿದ್ರೆಯನ್ನೇ ಕೊಂದ’ ಎಂಬ ದನಿ ಮನೆಯೆಲ್ಲ ಕೇಳಿತೆಂದು ಹೇಳುತ್ತಾನೆ. ಅಲ್ಲಿಂದಾಚೆಗೆ ನಾಟಕ ನಿದ್ದೆಗೆಟ್ಟವನ ಕಣ್ಣಿನಿಂದಲೇ ಸಾಗುತ್ತದೆ. ಸತ್ತ ಡಂಕನ್ ಗೋರಿಯಲ್ಲಿ ಸುಖವಾಗಿ ನಿದ್ರಿಸುತ್ತಿದ್ದಾನೆ ಎಂದು ಕೊಂದವನೇ ಹೊಟ್ಟೆಕಿಚ್ಚುಪಡುತ್ತಾನೆ. ಔತಣದ ಪಂಕ್ತಿಯಲ್ಲಿ, ತಾನೇ ಕೊಲ್ಲಿಸಿದ ಬ್ಯಾಂಕೋನ ಪ್ರೇತ ಬಂದು ಕೂತಾಗ ಅದು ಅವನೊಬ್ಬನಿಗೇ ಕಾಣುತ್ತದೆ. ಅತಿಥಿಗಳನ್ನು ಕಳುಹಿಸಿದ ಮೇಲೆ ಹೆಂಡತಿ ಹೇಳುವುದು ಇಷ್ಟೇ, ನಿಮಗೆ ನಿದ್ದೆ ಸಾಲದು. ಇಡೀ ನಾಟಕದಲ್ಲಿ ಇದಕ್ಕಿಂತ ಮನೆಮಂದಿಯ ಮಾತು ಇನ್ನೊಂದಿಲ್ಲ.

ಈ ನಿದ್ದೆಯ ಎಳೆ ಕೊಲೆಗಿಂತ ಮುಂಚೆಯೇ ಶುರುವಾಗಿದೆ. ಮೊದಲ ಅಂಕದ ಮೂರನೆಯ ದೃಶ್ಯದಲ್ಲಿ, ಮ್ಯಾಕ್‌ಬೆತ್ ಬರುವ ಮುನ್ನ, ಮಾಟಗಾತಿಯೊಬ್ಬಳು ತನ್ನ ಜಗಳವೊಂದನ್ನು ಹೇಳಿಕೊಳ್ಳುತ್ತಾಳೆ. ನಾವಿಕನ ಹೆಂಡತಿಯೊಬ್ಬಳು ಮಡಿಲ ತುಂಬ ಚೆಸ್ಟ್‌ನಟ್ ಕಾಯಿ ಇಟ್ಟುಕೊಂಡು ಮೆಲ್ಲುತ್ತಿದ್ದಳಂತೆ. ನನಗೂ ಕೊಡು ಎಂದದ್ದಕ್ಕೆ ಆಚೆ ತೊಲಗು ಎಂದಳಂತೆ. ಗಂಡ ಅಲೆಪ್ಪೋ ಕಡೆಗೆ ಹಡಗೇರಿ ಹೋಗಿದ್ದಾನೆ, ಜರಡಿಯಲ್ಲಿ ಕೂತು ಸಮುದ್ರ ದಾಟಿ ಅವನ ಮೇಲೆ ಸೇಡು ತೀರಿಸುತ್ತೇನೆ ಎಂದು ಅವಳ ಪಣ. ಸೇಡೇನು? ಹಗಲೂ ರಾತ್ರಿ ಅವನ ರೆಪ್ಪೆಯ ಮೇಲೆ ನಿದ್ದೆ ಕೂರದಂತೆ ಮಾಡುವುದು. ಹಡಗನ್ನು ಮುಳುಗಿಸುವುದು ಮಾತ್ರ ಅವಳಿಂದ ಆಗದು, ಬಿರುಗಾಳಿಗೆ ಸಿಕ್ಕಿಸಬಲ್ಲಳು, ಅಷ್ಟೇ. ಪಾಠ ಮಾಡುವವರು ಸಾಮಾನ್ಯವಾಗಿ ಹಾರಿಸಿಬಿಡುವ ಈ ಕೆಲವು ಸಾಲುಗಳಲ್ಲಿ ಅತಿಮಾನುಷ ಶಕ್ತಿಯ ಮಿತಿಯನ್ನು ನಾಟಕಕಾರ ಕರಾರುವಾಕ್ಕಾಗಿ ಗೆರೆ ಎಳೆದು ತೋರಿಸಿದ್ದಾನೆ. ಮ್ಯಾಕ್‌ಬೆತ್‌ನ ವಿಷಯದಲ್ಲಿ ಅವರು ಅಷ್ಟು ಶ್ರಮವನ್ನೂ ಪಡಬೇಕಾಗಲಿಲ್ಲ; ನಿದ್ದೆಗೆಡಿಸುವ ಕೆಲಸವನ್ನು ಅವನೇ ಮಾಡಿಕೊಂಡ.

ಜರಡಿ, ಬಿರುಗಾಳಿ, ಹಡಗು ಎಂಬ ಈ ಮೂರು ಮಾತು ಕೇಳಿದೊಡನೆ ಅಂದಿನ ಪ್ರೇಕ್ಷಕರಲ್ಲಿ ಹಲವರಿಗೆ ಸ್ಕಾಟ್ಲೆಂಡಿನ ಒಂದು ಮೊಕದ್ದಮೆ ನೆನಪಾಗಿದ್ದಿರಬೇಕು. 1603ರಲ್ಲಿ ಇಂಗ್ಲೆಂಡಿನ ಗದ್ದುಗೆಯನ್ನೂ ಏರಿ ಶೇಕ್ಸ್‌ಪಿಯರನ ತಂಡಕ್ಕೆ ಆಶ್ರಯ ಕೊಟ್ಟ ಜೇಮ್ಸ್ ದೊರೆ, ಅದಕ್ಕೂ ಮುಂಚೆ ಸ್ಕಾಟ್ಲೆಂಡಿನ ಅರಸನಾಗಿದ್ದಾಗ ಡೆನ್ಮಾರ್ಕಿನ ರಾಜಕುಮಾರಿ ಆ್ಯನ್‌ಳನ್ನು ಮದುವೆಯಾಗಿ 1590ರಲ್ಲಿ ಸಮುದ್ರ ದಾಟಿ ಕರೆತಂದ. ಆ ಪ್ರಯಾಣಕ್ಕೆ ಬಿರುಗಾಳಿಗಳು ಅಡ್ಡಬಂದವು. ಅದು ಮಾಟದ ಫಲವೆಂದು ಎಡಿನ್‌ಬರೋದ ಪೂರ್ವಕ್ಕಿರುವ ನಾರ್ತ್ ಬೆರಿಕ್ ಸುತ್ತಲಿನ ಹಲವರನ್ನು ಹಿಡಿದರು. ಜರಡಿಗಳಲ್ಲಿ ಕೂತು ಕಡಲಿಗಿಳಿದರೆಂಬುದು ಅವರ ಮೇಲಿನ ಆರೋಪಗಳಲ್ಲಿ ಒಂದು. ಸೂಲಗಿತ್ತಿಯೂ ನಾಟಿವೈದ್ಯೆಯೂ ಆಗಿದ್ದ ಆಗ್ನೆಸ್ ಸ್ಯಾಂಪ್ಸನ್ ಎಂಬಾಕೆಯನ್ನು ಹಾಲಿರೂಡ್ ಅರಮನೆಯಲ್ಲಿ ಖುದ್ದು ಅರಸನೇ ವಿಚಾರಣೆ ಮಾಡಿದ. ಚಿತ್ರಹಿಂಸೆಯ ಬಳಿಕ ಆಕೆ ತಪ್ಪೊಪ್ಪಿಕೊಂಡಳು, 1591ರ ಜನವರಿಯಲ್ಲಿ ಎಡಿನ್‌ಬರೋ ಕೋಟೆಯ ಮುಂದೆ ಆಕೆಯ ಕತ್ತು ಹಿಸುಕಿ ದೇಹವನ್ನು ಸುಟ್ಟರು. 1597ರಲ್ಲಿ ಜೇಮ್ಸ್ ಮಾಟಮಂತ್ರದ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದ.

ಸ್ಕಾಟ್ಲೆಂಡಿನಲ್ಲಿ ಇಂಥವರಿಂದ ತಪ್ಪೊಪ್ಪಿಗೆ ಪಡೆಯುವ ಮುಖ್ಯ ಉಪಾಯ ನಿದ್ದೆಗೆಡಿಸುವುದೇ ಆಗಿತ್ತು. ಆರೋಪಿಯ ಕಣ್ಣು ಮುಚ್ಚದಂತೆ ಸರದಿಯ ಮೇಲೆ ಕಾವಲು ಕೂತು, ತೂಕಡಿಸಿದರೆ ಅಲುಗಿಸಿ, ಚುಚ್ಚಿ ಎಬ್ಬಿಸುತ್ತಿದ್ದರು. ಕೆಲವು ರಾತ್ರಿ ಕಳೆಯುವಷ್ಟರಲ್ಲಿ ಮನುಷ್ಯನಿಗೆ ಇಲ್ಲದ ಆಕಾರಗಳು ಕಾಣತೊಡಗುತ್ತವೆ, ಇಲ್ಲದ ದನಿಗಳು ಕೇಳತೊಡಗುತ್ತವೆ. ಕೇಳಿದ್ದಕ್ಕೆಲ್ಲ ಹೌದು ಎನ್ನುವ ಸ್ಥಿತಿ ಬರುತ್ತದೆ. ಸೈತಾನ ಕಪ್ಪು ಬಟ್ಟೆ ತೊಟ್ಟು ಬಂದ, ಚರ್ಚಿನಲ್ಲಿ ನಿಂತು ಉಪದೇಶ ಮಾಡಿದ ಎಂಬ ಹೇಳಿಕೆಗಳು ಹೀಗೆ ಲಿಖಿತವಾದವು. 1563ರಿಂದ 1736ರವರೆಗೆ ಜಾರಿಯಲ್ಲಿದ್ದ ಮಾಟನಿಷೇಧ ಕಾನೂನಿನ ಕೆಳಗೆ ಸುಮಾರು 3,800 ಜನ ಆರೋಪ ಹೊತ್ತರು, ಅವರಲ್ಲಿ ಬಹುಪಾಲು ಹೆಂಗಸರು. ಕೊಲ್ಲಲ್ಪಟ್ಟವರು 2,500ರಷ್ಟು ಎಂಬುದು ಇತಿಹಾಸಕಾರರ ಅಂದಾಜು.

ಇದನ್ನು ತಿಳಿದ ಮೇಲೆ ಐದನೆಯ ಅಂಕದ ನಿದ್ದೆಗಣ್ಣಿನ ನಡಿಗೆಯ ದೃಶ್ಯ ನನಗೆ ಮೊದಲಿನಂತೆ ಕಾಣಿಸುತ್ತಿಲ್ಲ. ‘ಒಂದಿಷ್ಟು ನೀರು ಸಾಕು, ಈ ಕೃತ್ಯ ತೊಳೆದುಹೋಗುತ್ತದೆ’ ಎಂದಿದ್ದ ಲೇಡಿ ಮ್ಯಾಕ್‌ಬೆತ್ ಈಗ ಸದಾ ಪಕ್ಕದಲ್ಲಿ ದೀಪ ಉರಿಯುತ್ತಿರಬೇಕೆಂದು ಕಟ್ಟಪ್ಪಣೆ ಮಾಡಿದ್ದಾಳೆ. ನಿದ್ದೆಯಲ್ಲೇ ಎದ್ದು ಬಂದು ದೀಪ ಇಟ್ಟು ಕೈ ಉಜ್ಜುತ್ತಾಳೆ. ಆ ಮುದುಕನಲ್ಲಿ ಅಷ್ಟೊಂದು ರಕ್ತವಿದ್ದೀತೆಂದು ಯಾರು ಎಣಿಸಿದ್ದರು ಎಂದು ಕೇಳಿಕೊಳ್ಳುತ್ತಾಳೆ. ಪಕ್ಕದಲ್ಲಿ ನಿಂತ ವೈದ್ಯ ಅವಳ ಮಾತುಗಳನ್ನು ಬರೆದಿಟ್ಟುಕೊಳ್ಳಲು ಹೊರಡುತ್ತಾನೆ. ಹಿಂದಿನ ರಾತ್ರಿಗಳಲ್ಲಿ ಏನೆಂದಳು ಎಂದು ವಿಚಾರಿಸಿದರೆ ಸೇವಕಿ ಬಾಯಿ ಬಿಡುವುದಿಲ್ಲ, ನನ್ನ ಮಾತಿಗೆ ಸಾಕ್ಷಿಯಿಲ್ಲ ಎನ್ನುತ್ತಾಳೆ. ಅವಳು ಜಾಣೆ. ಈ ರಾಣಿ ನಿದ್ದೆಯಲ್ಲಿ ಆಡಿದ್ದೆಲ್ಲ ನಿಜವಾದ ತಪ್ಪೊಪ್ಪಿಗೆ, ಆದರೆ ಅದನ್ನು ಹಿಡಿದು ವಿಚಾರಣೆ ಮಾಡುವ ಧೈರ್ಯ ಯಾರಿಗೂ ಇಲ್ಲ. ಹಾಲಿರೂಡ್‌ನಲ್ಲಿ ಸೂಲಗಿತ್ತಿ ನಿದ್ದೆಯಿಲ್ಲದೆ ಆಡಿದ್ದೆಲ್ಲ ಸುಳ್ಳು, ಅದರ ಮೇಲೆ ಸೌದೆ ಒಟ್ಟಿದರು. ಮಾಟಗಾತಿಯರನ್ನು ಬೇಟೆಯಾಡಿದ ದೊರೆಯ ಕಾಲದಲ್ಲಿ, ಅವನ ಆಶ್ರಯದ ತಂಡಕ್ಕಾಗಿ ಬರೆದ ನಾಟಕದಲ್ಲಿ ಮೂವರು ಮಾಟಗಾತಿಯರಿಗೆ ಯಾವ ಶಿಕ್ಷೆಯೂ ಆಗದು, ನಾಲ್ಕನೆಯ ಅಂಕದಲ್ಲಿ ಕುಣಿದು ಮಾಯವಾದವರು ಮತ್ತೆ ಬರುವುದಿಲ್ಲ. ಲೆಕ್ಕವನ್ನೆಲ್ಲ ಮನುಷ್ಯರೇ ತೀರಿಸುತ್ತಾರೆ. ಶೇಕ್ಸ್‌ಪಿಯರ್ ದೊರೆಯನ್ನು ಮೆಚ್ಚಿಸಲು ಬರೆದ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುವುದು ಇದಕ್ಕೇ.

ಎಡಿನ್‌ಬರೋ ಕೋಟೆಯ ಮುಂದಿನ ಬಯಲು ಶುರುವಾಗುವಲ್ಲಿ, ಗೋಡೆಗೆ ಹೊಂದಿಸಿದ ಸಣ್ಣ ಲೋಹದ ಕಾರಂಜಿಯೊಂದಿದೆ. ಸುಟ್ಟ ಹೆಂಗಸರ ನೆನಪಿಗೆ 1894ರಲ್ಲಿ ಮಾಡಿಸಿದ ಅದನ್ನು ಪ್ರವಾಸಿಗರು ನೋಡದೆಯೇ ದಾಟಿಹೋಗುತ್ತಾರೆ. ಎರಡು ತಲೆ, ಒಂದು ಹಾವು, ಒಂದು ಹೂವಿನ ಗೊನೆಯ ಕೆತ್ತನೆ. ಕೆಲವರು ತಮ್ಮ ಅಸಾಧಾರಣ ಜ್ಞಾನವನ್ನು ಕೆಡುಕಿಗೆ ಬಳಸಿದರು, ಇನ್ನು ಕೆಲವರನ್ನು ಜನ ತಪ್ಪು ತಿಳಿದರು ಎಂಬ ಅರ್ಥದ ಮಾತು ಪಕ್ಕದ ಫಲಕದಲ್ಲಿದೆ. ಸ್ಮಾರಕ ಕಟ್ಟಿದ ಮೇಲೂ ಅನುಮಾನ ಪೂರ್ತಿ ಹೋಗಿರಲಿಲ್ಲ ಎಂದಾಯಿತು. ಸರ್ಕಾರದ ಪರವಾಗಿ ಸ್ಪಷ್ಟವಾದ ಕ್ಷಮೆ ಬಂದದ್ದು 2022ರ ಮಾರ್ಚ್ 8ರಂದು, ಆಗಿನ ಪ್ರಥಮ ಸಚಿವೆ ನಿಕೋಲಾ ಸ್ಟರ್ಜನ್ ಅವರಿಂದ.

ಇಲ್ಲಿಯ ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಸೂರ್ಯ ಹುಟ್ಟಿ, ಮಧ್ಯಾಹ್ನ ನಾಲ್ಕಕ್ಕೂ ಮುಂಚೆ ಮುಳುಗುತ್ತಾನೆ. ಕೊಲೆಯ ಮರುದಿನ, ಗಡಿಯಾರದ ಪ್ರಕಾರ ಹಗಲು, ಆದರೂ ಕತ್ತಲು ಸೂರ್ಯನ ಕತ್ತು ಹಿಸುಕುತ್ತಿದೆ ಎಂದು ರಾಸ್ ಎಂಬ ಪಾತ್ರ ಬೆರಗಾಗುವುದನ್ನು ಮೈಸೂರಿನಲ್ಲಿ ಓದಿದಾಗ ಅದು ಅಪಶಕುನವಾಗಿತ್ತು. ಇಲ್ಲಿ ಅದು ಆಫೀಸಿಗೆ ಹೊರಡುವ ಹೊತ್ತು. ಈ ಕತ್ತಲಿಗೆ ಒಗ್ಗಿಕೊಂಡ ಜನರಿಗೂ ನಾಟಕದ ಹೆಸರಿನ ಭಯ ಮಾತ್ರ ಹೋಗಿಲ್ಲ. ಹವ್ಯಾಸಿ ತಂಡವೊಂದರಲ್ಲಿ ನಟಿಸುವ ನನ್ನ ಸಹೋದ್ಯೋಗಿ ನಮ್ಮ ಊರಿನಲ್ಲಿ ರಾತ್ರಿ ಹೊತ್ತು ಹಾವಿಗೆ ‘ಹುಳ’ ಎನ್ನುವಂತೆ ಇದನ್ನು ‘ಸ್ಕಾಟಿಷ್ ನಾಟಕ’ ಎಂದಷ್ಟೇ ಕರೆಯುತ್ತಾಳೆ. ರಂಗಮಂದಿರದೊಳಗೆ ಯಾರಾದರೂ ಬಾಯಿ ತಪ್ಪಿ ಹೆಸರು ಹೇಳಿದರೆ ಅವರು ಹೊರಗೆ ಹೋಗಿ, ಮೂರು ಸುತ್ತು ತಿರುಗಿ, ಉಗಿದು, ಒಂದು ಬೈಗುಳ ಬೈದು, ಬಾಗಿಲು ತಟ್ಟಿ ಅನುಮತಿ ಕೇಳಿ ಒಳಗೆ ಬರಬೇಕು. ಆಕೆ ಇದನ್ನು ನಗುತ್ತಲೇ ವಿವರಿಸಿದಳು, ಆದರೆ ಹೆಸರನ್ನು ಮಾತ್ರ ಹೇಳಲಿಲ್ಲ.

ಅವಳಿಗೆ ನಮ್ಮ ಕಡೆಯ ಸಂಗತಿಗಳನ್ನು ಹೇಳಿದೆ. 1895ರಲ್ಲೇ ಶ್ರೀಕಂಠೇಶಗೌಡರು ಈ ಕಥೆಯನ್ನು ‘ಪ್ರತಾಪರುದ್ರದೇವ’ ಎಂದು ಕನ್ನಡಕ್ಕೆ ಒಗ್ಗಿಸಿದ್ದರು, 1936ರಲ್ಲಿ ಡಿ.ವಿ.ಜಿ. ಅನುವಾದ ಮಾಡಿದರು, ಎಚ್. ಎಸ್. ಶಿವಪ್ರಕಾಶರು ಇದನ್ನು ಮಾರನಾಯಕನ ಕಥೆಯಾಗಿಸಿ ಕನ್ನಡದ ನೆಲದಲ್ಲಿ ನಿಲ್ಲಿಸಿದರು. ಈ ಮಾರನಾಯಕನ ನಾಟಕವನ್ನು ಹುಲಗಪ್ಪ ಕಟ್ಟೀಮನಿಯವರು ಮೈಸೂರು ಜೈಲಿನ ಕೈದಿಗಳಿಂದಲೇ ಆಡಿಸಿದರು ಎಂದಾಗ ಆಕೆ ಕಾಫಿಯ ಲೋಟವನ್ನು ಕೆಳಗಿಟ್ಟಳು. ನಿದ್ದೆಯನ್ನು ಕೊಂದೆ ಎಂಬ ಮಾತನ್ನು ಆಡಲು ಜೈಲಿನ ರಾತ್ರಿಗಳನ್ನು ಕಂಡವರಿಗೆ ತಾಲೀಮು ಎಷ್ಟು ಬೇಕಾಯಿತೋ ಎಂದು ನಾನು ಯೋಚಿಸುತ್ತಿದ್ದರೆ, ಆಕೆಯ ಮೊದಲ ಪ್ರಶ್ನೆ ಬೇರೆಯೇ ಇತ್ತು: ಅಷ್ಟು ದಿನದ ತಾಲೀಮಿನಲ್ಲಿ ಅವರು ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರೇ? ಮಾರನಾಯಕ ಎಂದರೆ ಯಾವ ಶಾಪವೂ ತಟ್ಟುವುದಿಲ್ಲ ಎಂದೆ. ಹಾಗಾದರೆ ನಾವೂ ಹಾಗೇ ಕರೆಯೋಣ ಎಂದು ಆ ಹೆಸರನ್ನು ಒಂದು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋದಳು.