ಕೊನೆಯದು ಅಂತ ಗೊತ್ತಿರಲಿಲ್ಲ

ಮಾರ್ಚ್ 9, 2012. ಶುಕ್ರವಾರ, ರಾತ್ರಿ

ಸಂಜೆ ಏಳಕ್ಕೆ ಅಮ್ಮನ ಫೋನ್ ಬಂತು. ಭಾನುವಾರ ಬಿಟ್ಟರೆ ಅವಳು ಫೋನ್ ಮಾಡುವುದೇ ಕಡಿಮೆ. ಹಲೋ ಕೂಡ ಅನ್ನಲಿಲ್ಲ. ‘ದ್ರಾವಿಡ್ ಆಟ ಬಿಟ್ಬಿಟ್ನಂತಲ್ಲೋ’ ಅಂದಳು.

ಅಮ್ಮನಿಗೆ ಕ್ರಿಕೆಟ್ ಅರ್ಥವಾಗುವುದಿಲ್ಲ. ಎಲ್‌ಬಿಡಬ್ಲ್ಯೂ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ನಮ್ಮನೆಯಲ್ಲಿ ಟೆಸ್ಟ್ ಮ್ಯಾಚ್ ನಡೆಯುತ್ತಿದ್ದರೆ ಅಡುಗೆಮನೆಯಿಂದ ಒಂದೇ ಪ್ರಶ್ನೆ ಬರುತ್ತಿತ್ತು, ‘ದ್ರಾವಿಡ್ ಇದ್ದಾನಾ?’ ಇದ್ದಾನೆ ಅಂದರೆ ಅವಳ ಕೆಲಸ ಅವಳಿಗೆ. ಔಟು ಅಂದರೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ಟಿವಿ ನೋಡುತ್ತಿದ್ದಳು. 2001ರಲ್ಲಿ ಕೋಲ್ಕತ್ತಾದಲ್ಲಿ ಲಕ್ಷ್ಮಣ್ ಜೊತೆ ಇಡೀ ದಿನ ನಿಂತನಲ್ಲ, ಒಂದೂ ವಿಕೆಟ್ ಬೀಳದ ದಿನ, ಅವತ್ತು ನನಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಿತ್ತು. ಓದು ಅಂತ ಒಂದು ಸಲವೂ ಅವಳು ಹೇಳಲಿಲ್ಲ. ಹೆಲ್ಮೆಟ್ಟಿನ ಕಂಬಿಯಿಂದ ಬೆವರು ತೊಟ್ಟಿಕ್ಕುವುದನ್ನು ನೋಡಿ, ‘ಪಾಪ, ಯಾರಾದ್ರೂ ನೀರು ಕೊಡಬಾರದಾ’ ಅಂತಿದ್ದಳು. ಲಕ್ಷ್ಮಣ್ 281, ಇವನು 180. ಎಲ್ಲರೂ 281ರ ಮಾತಾಡುತ್ತಾರೆ. ಆಡಲಿ, ಅದು ಅಂಥ ಆಟವೇ. ನಮ್ಮನೆಯಲ್ಲಿ ಮಾತ್ರ ಅದು ದ್ರಾವಿಡ್ ಬೆವರಿದ ದಿನ.

‘ಕೊನೇ ಮ್ಯಾಚು ಯಾವತ್ತು? ಬೆಂಗಳೂರಲ್ಲೇ ಅಲ್ವಾ? ನೀನು ಹೋಗ್ತೀಯಾ?’

‘ಇಲ್ಲಮ್ಮ. ಅದು ಆಗ್ಲೇ ಆಗಿಹೋಗಿದೆ.’

‘ಯಾವಾಗ?’

‘ಜನವರೀಲಿ. ಅಡಿಲೇಡ್‌ನಲ್ಲಿ.’

‘ನೀನು ಹೇಳ್ಲೇ ಇಲ್ಲ.’

‘ಯಾರಿಗೂ ಗೊತ್ತಿರಲಿಲ್ಲಮ್ಮ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಊಟ ಆಯ್ತಾ ಅಂದಳು.

ಅಮ್ಮನಿಗೆ ಹೇಳದೆ ಉಳಿಸಿಕೊಂಡಿದ್ದನ್ನು ಇಲ್ಲಿ ಬರೆಯುತ್ತೇನೆ. ಜನವರಿ 25, ಆಫೀಸಿನ ಕ್ಯಾಂಟೀನ್. ಕೈಯಲ್ಲಿ ಅನ್ನ-ಸಾರಿನ ತಟ್ಟೆ. ಟಿವಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಅಡಿಲೇಡ್ ಟೆಸ್ಟ್. ಹಿಲ್ಫೆನ್‌ಹಾಸ್ ಬಾಲಿಗೆ ದ್ರಾವಿಡ್ ಬೌಲ್ಡ್, ಒಂದು ರನ್. ಆ ಸರಣಿಯ ಎಂಟು ಇನಿಂಗ್ಸ್‌ನಲ್ಲಿ ಆರು ಸಲ ಬೌಲ್ಡ್ ಆದ. ಅವನ ಬ್ಯಾಟಿಗೂ ಪ್ಯಾಡಿಗೂ ನಡುವೆ ಜಾಗ ಇರುತ್ತದೆ ಅಂತ ಹದಿನೈದು ವರ್ಷ ನಾನು ನಂಬಿರಲೇ ಇಲ್ಲ. ಸಿಟ್ಟು ಬಂತು. ಪಕ್ಕದಲ್ಲಿದ್ದವನಿಗೆ ಕೇಳುವ ಹಾಗೆ ‘ಸಾಕಪ್ಪ, ಇನ್ನು ಬಿಟ್ಟುಬಿಡಬೇಕು’ ಅಂದೆ. ಬೇರೆ ಯಾರಾದರೂ ಅಂದಿದ್ದರೆ ಜಗಳ ಆಡುತ್ತಿದ್ದೆ. ಅಂದಿದ್ದು ನಾನೇ.

ಎರಡು ದಿನ ಬಿಟ್ಟು ಎರಡನೇ ಇನಿಂಗ್ಸ್‌ನಲ್ಲಿ 25 ಹೊಡೆದ. ಅದನ್ನು ನಾನು ನೋಡಲಿಲ್ಲ, ಮೀಟಿಂಗ್ ಇತ್ತು. ಅಂದರೆ ನಾನು ನೋಡಿದ ಅವನ ಕೊನೆಯ ಟೆಸ್ಟ್ ಆಟ ಆ ಒಂದು ರನ್. ಅದನ್ನು ನೋಡಿದ್ದೂ ಬೈಯ್ಯುತ್ತಾ.

ಅದೇ ಊರು, ಅದೇ ಮೈದಾನ. 2003ರ ಡಿಸೆಂಬರ್‌ನಲ್ಲಿ 233, ಆಮೇಲೆ ಔಟಾಗದೆ 72. ಗೆಲುವಿನ ಫೋರ್ ಕೂಡ ಅವನ ಬ್ಯಾಟಿಂದಲೇ. ಅವತ್ತು ಬೀದಿಯಲ್ಲೆಲ್ಲಾ ಓಡಾಡಿದ್ದೆವು.

ಇವತ್ತು ಮಧ್ಯಾಹ್ನ ದ್ರಾವಿಡ್ ನಿವೃತ್ತಿ ಹೇಳಿದ್ದನ್ನು ಗೆಳೆಯನ ಕಂಪ್ಯೂಟರ್ ಸುತ್ತ ನಿಂತು ನೋಡಿದೆವು. ನಮ್ಮ ಚಿನ್ನಸ್ವಾಮಿಯಲ್ಲೇ, ಪಕ್ಕದಲ್ಲಿ ಕುಂಬ್ಳೆ. ಗಂಟಲು ಕಟ್ಟಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಯಾವ ಬಾಲ್ ಆಡಬೇಕು ಯಾವುದು ಬಿಡಬೇಕು ಅಂತ ಗೊತ್ತಿರುವವನ ಹಾಗೆ ಮಾತಾಡಿದ. ಕೆಲವು ಸಲ ಸೋತಿದ್ದೇನೆ, ಆದರೆ ಪ್ರಯತ್ನ ಬಿಟ್ಟಿಲ್ಲ ಅನ್ನೋ ಅರ್ಥದಲ್ಲಿ ಒಂದು ಮಾತು ಬಂತು. ಆಗ ಕ್ಯಾಂಟೀನಿನ ಆ ತಟ್ಟೆ ನೆನಪಾಯಿತು. ಅಲ್ಲಿ ನಿಲ್ಲಲಾಗಲಿಲ್ಲ.

164 ಟೆಸ್ಟ್, 13,288 ರನ್, 36 ಶತಕ, 210 ಕ್ಯಾಚ್. ಎಲ್ಲಾ ಚಾನೆಲ್ಲೂ ಇದನ್ನೇ ಹೇಳುತ್ತಿವೆ. ನನಗೆ ಜಾಸ್ತಿ ಇಷ್ಟವಾದದ್ದು 31,258. ಟೆಸ್ಟ್‌ನಲ್ಲಿ ಅವನು ಎದುರಿಸಿದ ಬಾಲುಗಳು. ಅಷ್ಟು ಬಾಲು ಬೇರೆ ಯಾರೂ ಆಡಿಲ್ಲ. ಅದರಲ್ಲಿ ಎಷ್ಟನ್ನು ಸುಮ್ನೆ ಬಿಟ್ಟಿರಬಹುದು! ಬ್ಯಾಟ್ ಮೇಲೆತ್ತಿ, ಕಣ್ಣು ಬಾಲಿನ ಮೇಲೇ ಇಟ್ಟು, ಕೀಪರ್ ಕೈ ಸೇರುವವರೆಗೂ ನೋಡಿ ಬಿಡುವುದು. ಅಷ್ಟು ಶ್ರದ್ಧೆಯಿಂದ ಬೇಡ ಅನ್ನುವವನನ್ನು ನಾನು ಬೇರೆ ನೋಡಿಲ್ಲ.

2008ರ ಸಿಡ್ನಿ ಟೆಸ್ಟ್. ಬೆಳಗಿನ ಜಾವ ಎದ್ದು ಹಾಸ್ಟೆಲಿನ ಟಿವಿ ಮುಂದೆ ಶಾಲು ಹೊದ್ದು ಕೂತಿದ್ದೆವು. 18ರಲ್ಲಿ ನಿಂತುಬಿಟ್ಟ. ನಲವತ್ತು ಬಾಲು ಒಂದೂ ರನ್ ಇಲ್ಲ. ನಮ್ಮಲ್ಲೇ ಇಬ್ಬರು ಬೈದು ಎದ್ದುಹೋದರು. ಕೊನೆಗೆ ಒಂದು ರನ್ ಓಡಿದ. ಸ್ಟೇಡಿಯಂ ಪೂರ್ತಿ ಚಪ್ಪಾಳೆ ತಟ್ಟಿತು. ಆಗ ಅವನು ಬ್ಯಾಟ್ ಎತ್ತಿದ, ಶತಕ ಹೊಡೆದವನ ಹಾಗೆ, ನಗುತ್ತಾ. ನಾನೂ ಚಪ್ಪಾಳೆ ತಟ್ಟಿದೆ. ಅವತ್ತು ಕಾಯುವುದು ಗೊತ್ತಿತ್ತು ನನಗೆ. ಈ ಜನವರಿಯಲ್ಲಿ ಯಾಕೆ ಆಗಲಿಲ್ಲವೋ.

ಅಮ್ಮ ಮತ್ತೆ ಫೋನ್ ಮಾಡಿದ್ದಳು ಈಗ. ಐಪಿಎಲ್ ಆಡ್ತಾನಂತೆ, ರಾಜಸ್ಥಾನಕ್ಕೆ, ಟಿವಿಯಲ್ಲಿ ತೋರಿಸಿದರು ಅಂದಳು. ಹೌದು ಅಂದೆ. ‘ಅದರಲ್ಲಿ ಬೇಗ ಮುಗಿದುಹೋಗುತ್ತಲ್ಲೋ.’

ಹೌದಮ್ಮ, ಬೇಗ ಮುಗಿಯುತ್ತದೆ. ರಣಜಿ ಕೂಡ ಬಿಟ್ಟಿದ್ದಾನೆ, ಇನ್ನು ಕರ್ನಾಟಕಕ್ಕೂ ಆಡಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ರಣಜಿ ಮ್ಯಾಚಿಗೆ ಚಿನ್ನಸ್ವಾಮಿಯಲ್ಲಿ ಎಷ್ಟೊಂದು ಸೀಟು ಖಾಲಿ ಇರುತ್ತಿತ್ತು. ಒಂದು ದಿನ ರಜೆ ಹಾಕಿ ಹೋಗಿದ್ದರೆ ಸಾಕಿತ್ತು. ಮುಂದಿನ ವರ್ಷ ಹೋದರಾಯಿತು ಅಂತ ಪ್ರತಿ ವರ್ಷ…

ನಾಳೆ ಶನಿವಾರ. ಬೆಳಿಗ್ಗೆ ಆ ಕಡೆ ಒಂದು ಸುತ್ತು ಹೋಗಿ ಬರಬೇಕು. ಗೇಟು ಮುಚ್ಚಿರುತ್ತದೆ, ಗೊತ್ತು.