ಉಪ್ಪಿನ ಹರಳೊಂದು ಪಚ್ಚೆಯೊಳಗೆ

ಅಮ್ಮನ ಪಚ್ಚೆಯುಂಗುರವನ್ನು ಕುಂಕುಮದ ಡಬ್ಬಿಯಲ್ಲಿ, ಹತ್ತಿಯೊಳಗೆ ಹುದುಗಿಸಿಕೊಂಡು ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ. ಕ್ಯಾಸಲ್‌ರಾಕ್ ದಾಟಿ ದೂಧಸಾಗರ ಬಂದಾಗ ಬೋಗಿಯವರೆಲ್ಲ ಬಾಗಿಲಿಗೆ ಮುಗಿಬಿದ್ದರು; ನಾನು ಕಿಸೆಯ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದೆ. ಮಡಗಾಂವ್‌ನಿಂದ ಪಣಜಿಗೆ ಕದಂಬ ಬಸ್. ಗೋವೆಯ ಸರ್ಕಾರಿ ಬಸ್ಸಿನ ಮೇಲೆ ನಮ್ಮ ಹಳೆಯ ರಾಜಮನೆತನದ ಹೆಸರು ಕಂಡಾಗಲೆಲ್ಲ ಟಿಕೆಟ್ ದುಡ್ಡು ಕೊಡಲು ಬೇಸರವಾಗುವುದಿಲ್ಲ.

ಬುಧಗ್ರಹಕ್ಕೆಂದು ಅಜ್ಜ ಮಾಡಿಸಿಕೊಟ್ಟ ಉಂಗುರ ಅದು. ಹೊಳಪು ಬರಲಿ ಎಂದು ಊರಿನ ಅಂಗಡಿಯೊಂದರಲ್ಲಿ ಯಂತ್ರಕ್ಕೆ ಹಾಕಿಸಿ ತೊಳೆಸಿದ್ದೆವು. ಹೊರಬಂದಾಗ ಕಲ್ಲಿನ ತುಂಬ ಬಿಳಿ ಬಿರುಕು. ‘ಗಾಜೇ ಇರಬೇಕು ಬಿಡು’ ಎಂದರು ಅತ್ತೆ. ಅಮ್ಮ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ.

ಪಣಜಿಯ ಅಕ್ಕಸಾಲಿಗರು ಕಾರವಾರದ ಕಡೆಯವರು, ಭಾವನ ಪರಿಚಯ. ಕೊಂಕಣಿಯಲ್ಲಿ ಗಿರಾಕಿಯೊಬ್ಬರನ್ನು ಕಳುಹಿಸಿ, ಕನ್ನಡದಲ್ಲಿ ನನ್ನನ್ನು ಬೈದರು: ‘ಪಚ್ಚೆಯನ್ನು ಆ ಯಂತ್ರಕ್ಕೆ ಯಾರಾದರೂ ಹಾಕುತ್ತಾರೆಯೇ?’ ಪಚ್ಚೆಯಲ್ಲಿ ಬಿರುಕು ಹುಟ್ಟಿನಿಂದಲೇ ಇರುತ್ತದೆ. ಅದು ಕಾಣದಿರಲೆಂದು ಸೀಡರ್ ಎಣ್ಣೆ ತುಂಬುವುದು ವ್ಯಾಪಾರದ ಹಳೆಯ ವಾಡಿಕೆ. ಆ ಯಂತ್ರದ, ಕಿವಿಗೆ ಕೇಳಿಸದ ಶ್ರವಣಾತೀತ ಕಂಪನಕ್ಕೋ ಬಿಸಿಗೋ ಎಣ್ಣೆ ಹೊರಟುಹೋದರೆ ಬಿರುಕು ಬೆಳ್ಳಗೆ ಎದ್ದು ಕಾಣುತ್ತದೆ. ಮತ್ತೆ ಎಣ್ಣೆ ಕುಡಿಸಿದರಾಯಿತು ಎಂದರು.

ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು, ನೋಡಿ ಎಂದರು. ಮೊದಲು ಹಸಿರು ಮಬ್ಬು. ಕಣ್ಣು ಹೊಂದಿಕೊಂಡಂತೆ ಪಾಚಿಯಂಥ ಎಳೆಗಳು, ಮುರಿದ ಗರಿಯಂಥದ್ದೇನೋ. ಇದನ್ನೇ ವ್ಯಾಪಾರಿಗಳು ತೋಟ ಎನ್ನುವುದು, ಫ್ರೆಂಚರ ‘ಜಾರ್ದ್ಯಾಂ’. ಒಂದು ಮೂಲೆಯಲ್ಲಿ ಮೊನಚು ಅಂಚಿನ ಪುಟ್ಟ ಗುಳಿ. ಅದರೊಳಗೆ ದ್ರವ, ದ್ರವದಲ್ಲಿ ಒಂದು ಗುಳ್ಳೆ, ಗುಳ್ಳೆಯ ಪಕ್ಕದಲ್ಲಿ ಚೌಕಾಕಾರದ ಒಂದು ಹರಳು. ಉಪ್ಪು! ಸಾಕ್ಷಾತ್ ಅಡುಗೆಯ ಉಪ್ಪು. ಕೊಲಂಬಿಯಾದ ಕಪ್ಪು ಜೇಡಿಪದರಗಳಲ್ಲಿ ಬಿಸಿ ಉಪ್ಪುನೀರು ಹರಿದಲ್ಲಿ ಪಚ್ಚೆ ಬೆಳೆದಿದೆ. ಬೆರಿಲ್ ಎಂಬ ಬಣ್ಣವಿಲ್ಲದ ಖನಿಜಕ್ಕೆ ಚೂರೇ ಚೂರು ಕ್ರೋಮಿಯಂ, ವೆನೇಡಿಯಂ ಸೇರಿ ಈ ಹಸಿರು. ‘ಗಾಜಲ್ಲ. ನನ್ನ ಕಣ್ಣಿಗೆ ಕೊಲಂಬಿಯಾದ್ದು. ಖಾತ್ರಿ ಬೇಕಾದರೆ ಪ್ರಯೋಗಾಲಯಕ್ಕೆ ಕಳುಹಿಸಿ’ ಎಂದರು. ದೋಷವನ್ನು ನೋಡಿ ಅಸಲಿತನ ಹೇಳುವ ರತ್ನ! ವಜ್ರಕ್ಕೆ ಈ ರಿಯಾಯಿತಿ ಇಲ್ಲ.

ಕೊಲಂಬಿಯಾ ಎಂದಾಗ ನನಗೆ ಹಳೆ ಗೋವೆ ನೆನಪಾಯಿತು. ಉಂಗುರವನ್ನು ಅವರ ಬಳಿಯೇ ಬಿಟ್ಟು ಬಸ್ ಹತ್ತಿದೆ. 16ನೆಯ ಶತಮಾನದಲ್ಲಿ ಸ್ಪೇನಿನವರು ಕೊಲಂಬಿಯಾದ ಚಿವೋರ್, ಮೂಸೋ ಗಣಿಗಳನ್ನು ವಶಪಡಿಸಿಕೊಂಡ ಮೇಲೆ ಅಲ್ಲಿನ ಪಚ್ಚೆ ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು, ಇಲ್ಲಿಂದ ಮೊಗಲರ, ದಖ್ಖನಿನ ಸುಲ್ತಾನರ ಖಜಾನೆ ಸೇರಿತು. 217.80 ಕ್ಯಾರೆಟ್ಟಿನ ಪ್ರಸಿದ್ಧ ‘ಮೊಗಲ್ ಪಚ್ಚೆ’ಯ ಮೇಲೆ ಹಿಜರಿ 1107, ಅಂದರೆ 1695–96, ಎಂದು ಕೆತ್ತಿದೆ, ಕಲ್ಲು ಮಾತ್ರ ಕೊಲಂಬಿಯಾದ್ದು. ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಪೂರ್ವದೇಶಗಳಲ್ಲಿ ಪಚ್ಚೆಯ ಗಣಿಯೇ ಇಲ್ಲವೆಂದು 17ನೆಯ ಶತಮಾನದಲ್ಲೇ ವಾದಿಸಿದ್ದ. ಪೂರ್ತಿ ಸರಿಯಲ್ಲ, ಆದರೂ ನಮ್ಮ ಸಂಪ್ರದಾಯದ ಕಲ್ಲು ಎಂದು ಬೀಗುವವರಿಗೆ ಅವನ ಮಾತನ್ನು ಕೇಳಿಸಬೇಕು ಅನಿಸುತ್ತದೆ.

ಬೊಂ ಜೀಸಸ್ ಬೆಸಿಲಿಕಾದ ಸರದಿಸಾಲನ್ನು ಬಿಟ್ಟು ವೈಸರಾಯ್ ಕಮಾನಿಗೆ ನಡೆದೆ. ಕಮಾನಿನಿಂದ ಹೊರಟ ರುವಾ ದಿರೈತಾ, ಅಂದರೆ ನೇರ ಬೀದಿ, ಒಂದು ಕಾಲದ ಪೇಟೆ. 1580ರ ದಶಕದಲ್ಲಿ ಇಲ್ಲಿದ್ದ ಡಚ್ ಪ್ರವಾಸಿ ಲಿನ್‌ಸ್ಕೋಟನ್ ಇಲ್ಲಿ ಬೆಳಗಿನ ಹರಾಜಿನಲ್ಲಿ ಒಡವೆ, ಕುದುರೆ, ಗುಲಾಮರು ಒಟ್ಟಿಗೇ ಬಿಕರಿಯಾಗುವುದನ್ನು ಕಂಡಿದ್ದ. ಈಗ ಜಂಬಿಟ್ಟಿಗೆಯ ಕಮಾನು, ತೆಂಗಿನ ಮರಗಳು, ಮಾಂಡೋವಿಯ ದಡದಲ್ಲಿ ದಿವಾರ್ ದ್ವೀಪದ ದೋಣಿಗೆ ಕಾದ ಎರಡು ಸ್ಕೂಟರುಗಳು.

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಗಾಜಲ್ಲವಂತೆ ಎಂದೆ. ಒಳಗೆ ಉಪ್ಪಿದೆ ಎಂದೂ ಹೇಳಿದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಅತ್ತೆಗೆ ನೀನೇ ಫೋನ್ ಮಾಡಿ ಹೇಳು. ಈಗಲೇ ಹೇಳು’ ಎಂದಳು.